ಹೂಡಿ ನಿಲ್ದಾಣದಲ್ಲಿ ದೊಡ್ಡವ್ವನ ಲಿಂಗ

ಬೆಂಗಳೂರಿಗೆ ಬಂದ ಮೊದಲ ವಾರದಲ್ಲಿ ಗುರುತಿಲ್ಲದ ಹೆಂಗಸರು ನನ್ನ ಮೈ ತಡವಿದಷ್ಟು ಸಲ, ಮದುವೆಯಾದ ಮೇಲೆ ಗಂಡನೂ ತಡವಿರಲಿಕ್ಕಿಲ್ಲ. ಆಫೀಸಿನ ಗೇಟು, ಮಾಲು, ಮೆಟ್ರೊ, ಎಲ್ಲೆಡೆ ತಪಾಸಣೆಗೆಂದು ಪರದೆಯ ಹಿಂದೆ ನಿಂತು ಕೈ ಎತ್ತಬೇಕು. ನಮ್ಮೂರು ಇಳಕಲ್ಲಿನಲ್ಲಿ ಹೊಸಬರನ್ನು ಕಂಡರೆ ಯಾರ ಪೈಕಿ ಎಂದು ಕೇಳುತ್ತಾರೆ. ಇಲ್ಲಿ ಜೇಬಿನಲ್ಲೇನಿದೆ ಎಂದು ಕೇಳುತ್ತಾರೆ. ಗಂಡನಿಗೆ ಪೀಣ್ಯದ ಕಾರ್ಖಾನೆ, ನನಗೆ ವೈಟ್‌ಫೀಲ್ಡಿನ ಆಫೀಸು. ನನ್ನ ಊರಿನ ಮಾತಿಗೆ ಆಫೀಸಿನಲ್ಲಿ ನಗುತ್ತಿದ್ದರು, ಮಾತು ಬದಲಾಯಿಸಿದೆ. ಕೊರಳಲ್ಲಿದ್ದ ಇಷ್ಟಲಿಂಗವನ್ನು ಬಿಚ್ಚಿ ಕಪಾಟಿನಲ್ಲಿಟ್ಟೆ. ಸ್ನಾನಕ್ಕೇ ಪುರುಸೊತ್ತಿಲ್ಲದ ಊರಿನಲ್ಲಿ ಪೂಜೆ ಯಾರಿಗೆ ಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಹೋದ ತಿಂಗಳು ದೊಡ್ಡವ್ವ ಬಂದಳು. ತಾಯಿಯಿಲ್ಲದ ನನ್ನನ್ನು ಸಾಕಿದವಳು. ಅವಳಿಗೆ ನೋಡಬೇಕಿದ್ದದ್ದು ಮೆಟ್ರೊ ಒಂದೇ: ನೆಲದೊಳಗೆ ಓಡುವ ರೈಲು, ತಾನೇ ಏರುವ ಮೆಟ್ಟಿಲು. ಬೆಳಗಿನ ಪೂಜೆ ಮುಗಿಸಿ, ಹೊಸ ಸೀರೆ ಉಟ್ಟು ಹೊರಟಳು.

ಹೂಡಿ ನಿಲ್ದಾಣದ ತಪಾಸಣೆಯಲ್ಲಿ ಅವಳ ಎದೆಯ ಹತ್ತಿರ ಯಂತ್ರ ಕಿರುಚಿತು. ಲಿಂಗವಿದ್ದ ಬೆಳ್ಳಿಯ ಕರಡಿಗೆ.

“ಇದೇನಮ್ಮಾ?” ಎಂದಳು ಕಾವಲಿನ ಹುಡುಗಿ.

“ಲಿಂಗ ಐತಿ ಯವ್ವಾ. ಜೀವ ಹೋದ್ರೂ ಮೈಮ್ಯಾಲಿಂದ ಇಳಸಂಗಿಲ್ಲ.” ದೊಡ್ಡವ್ವ ಅದನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು.

ಹಿಂದೆ ಸಾಲು ಬೆಳೆಯಿತು. ನನ್ನ ಆಫೀಸಿನವಳೊಬ್ಬಳು ಪರದೆಯಾಚೆಯಿಂದ ಇಣುಕಿ ನಕ್ಕಳು. ನನಗೆ ನಾಚಿಕೆಯಿಂದ ಮೈಯೆಲ್ಲ ಉರಿಯಿತು.

“ಹಳ್ಳಿ ಬುದ್ಧಿ ಬಿಡು ದೊಡ್ಡವ್ವಾ, ಮಾನ ಕಳೀಬೇಡ,” ಎಂದು ಅವಳ ಬೆರಳು ಬಿಡಿಸಿ, ಶಿವದಾರದ ಗಂಟನ್ನು ನಾನೇ ಬಿಚ್ಚಿದೆ. ಕರಡಿಗೆ ಯಾರದೋ ಊಟದ ಡಬ್ಬಿಯ ಜೊತೆ ಟ್ರೇಯಲ್ಲಿ ಹೋಯಿತು.

ಹುಡುಗಿ ನನ್ನನ್ನೇ ನೋಡಿದಳು. “ಯಾಕ್ ಬಿಚ್ಚಿದ್ರಿ ಮೇಡಂ? ಏನು ಅಂತ ಕೇಳ್ದೆ ಅಷ್ಟೆ. ಹಾಗೇ ಬಿಡ್ತಿದ್ದೆ.”

ಆಮೇಲೆ ಎಲ್ಲವನ್ನೂ ತೋರಿಸಿದೆ. ಮೆಜೆಸ್ಟಿಕ್ಕಿನ ನೆಲದಡಿಯ ಅಂತಸ್ತುಗಳು, ಪೀಣ್ಯದಲ್ಲಿ ಕಾರ್ಖಾನೆಗಳ ತಗಡಿನ ಮಾಡಿಗಿಂತ ಎತ್ತರದಲ್ಲಿ ಹಾಯುವ ರೈಲು. ಒಂದೇ ಸಮನೆ ವಿವರಿಸುತ್ತ ಹೋದೆ. ದೊಡ್ಡವ್ವ ಕರಡಿಗೆಯನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು. ಒಂದು ಸಲವೂ ಕಿಟಕಿಯತ್ತ ತಿರುಗಲಿಲ್ಲ. ಊಟಕ್ಕೆ ಕರೆದರೆ, “ಊರಾಗ ಮಠದ ಅಯ್ನಾರು ಲಿಂಗಾ ತಿರುಗಿ ಕಟ್ಟೂತನಕ ನೀರು ಸೈತ ಒಲ್ಲೆ,” ಎಂದಳು. ಅಂದು ಸಂಜೆಯ ಬಸ್ಸಿಗೇ ಹೊರಟುಹೋದಳು.

ಮೆಟ್ರೊ ಬಹಳ ಚಲೋ ಇತ್ತೆಂದು ಓಣಿಯವರಿಗೆಲ್ಲ ಹೇಳಿದ್ದಾಳಂತೆ. ನಾನು ಭಾನುವಾರ ಫೋನ್ ಮಾಡುತ್ತೇನೆ, ನನ್ನ ಹಳೆಯ ಮಾತಿನಲ್ಲೇ ಮಾತಾಡುತ್ತೇನೆ. ಅವಳು ಬೈಯುವುದಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೊನ್ನೆ ತಡೆಯಲಾರದೆ, ಊರಿಗೆ ಬರಲೇನು ಎಂದು ಕೇಳಿದೆ. ಎತ್ತಿ ಆಡಿಸಿದ ದೊಡ್ಡವ್ವ, ಗುರುತಿಲ್ಲದವರಿಗೆ ಹೇಳುವ ಹಾಗೆ, “ಬರ್ರೀ, ಯಾರು ಬ್ಯಾಡಂತಾರ?” ಎಂದಳು.