ಬೊಂಬೆಯಕ್ಕ ಕಟ್ಟಿಸಿದ ಪುಸ್ತಕ

ಆಕೆಗೆ ಬೊಂಬೆಯಕ್ಕ ಎಂಬ ಹೆಸರು ಬಿದ್ದದ್ದು ರದ್ದಿ ಅಂಗಡಿಗಳಲ್ಲಿ. ಹಳೇ ಪೇಪರಿನ ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ಆಕೆ ಕಾಮಿಕ್ಸ್ ಪುಸ್ತಕ ಆರಿಸುತ್ತಿದ್ದಳು. ಕಾಮಿಕ್ಸ್ ಅನ್ನುವ ಮಾತು ಆಕೆಯ ನಾಲಿಗೆಗೆ ಹತ್ತಲಿಲ್ಲ. ಬೊಂಬೆಪುಸ್ತಕ ಎಂದೇ ಕೇಳುತ್ತಿದ್ದಳು, ಕೊಡುವವರೂ ಹಾಗೇ ಅನ್ನುವುದನ್ನು ಕಲಿತರು.

"ಬಂದ್ಲಪ್ಪ ಬೊಂಬೆಯಕ್ಕ! ಇನ್ನು ನನ್ನ ಅಂಗಡಿ ಚೆಲ್ಲಾಪಿಲ್ಲಿ" ಎಂದು ರದ್ದಿಯವನು ತಲೆ ಚಚ್ಚಿಕೊಳ್ಳುತ್ತಿದ್ದ.

"ಇಲ್ದಿದ್ರೆ ನಿನ್ನ ಅಂಗಡಿ ಅರಮನೆ ನೋಡು. ಸರಿ, ಆ ಮೂಟೆ ಇತ್ಲಾಗೆ ನೂಕು."

ಈ ಕೆಲಸ ಶುರು ಮಾಡಿದವನು ಆಕೆಯ ಗಂಡ. ಛಾಪಖಾನೆಯಲ್ಲಿ ಯಂತ್ರ ನಡೆಸುತ್ತಿದ್ದವನು. ಜನ ತೂಕಕ್ಕೆ ಹಾಕುವ ಹಳೇ ಬೊಂಬೆಪುಸ್ತಕಗಳನ್ನು ತಂದು, ಒರೆಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಬೇಕಾದವರಿಗೆ ಒಳ್ಳೇ ಬೆಲೆಗೆ ಮಾರುತ್ತಿದ್ದ. ಅವನು ಹೋದ ಮೇಲೆ ಆಕೆಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಇದನ್ನೇ ಹಿಡಿದಳು. ಓದು ಅಷ್ಟಕ್ಕಷ್ಟೆ. ಅಕ್ಷರ ಕೂಡಿಸಿ ಕೂಡಿಸಿ ಪುಸ್ತಕದ ಹೆಸರು ಓದುವುದರೊಳಗೆ ಕೈಯಲ್ಲಿದ್ದ ಟೀ ಆರಿಹೋಗುತ್ತಿತ್ತು. ಆದರೆ ಬೊಂಬೆಪುಸ್ತಕ ನೋಡುವುದಕ್ಕೆ ಅಕ್ಷರ ಅಷ್ಟೇನೂ ಬೇಡ. ಬೆನ್ನು ಸೀಳಿದೆಯಾ, ಪಿನ್ನಿಗೆ ತುಕ್ಕು ಹಿಡಿದಿದೆಯಾ, ಹೊದಿಕೆಯ ಮೂಲೆಯಲ್ಲಿ ಬೆಲೆ ಅಚ್ಚಾದ ಚೌಕ ಉಳಿದಿದೆಯಾ ಎಂದು ಮೊದಲು ನೋಡಬೇಕು. ಆಮೇಲೆ ಕೊನೆಯ ಹಾಳೆ. ಯಾವನೋ ಪುಣ್ಯಾತ್ಮ ಬಹುಮಾನದ ಆಸೆಗೆ ಅಲ್ಲಿಯ ಕೂಪನ್ನು ಕತ್ತರಿಸಿಕೊಂಡಿದ್ದರೆ ಆ ಪುಸ್ತಕ ಮತ್ತೆ ರಾಶಿಗೆ. ಚುಕ್ಕಿ ಸೇರಿಸುವ ಆಟವನ್ನು ಮಗುವೊಂದು ಪೆನ್ಸಿಲಿನಲ್ಲಿ ಆಡಿ ಮುಗಿಸಿದ್ದರೂ ಅದೇ ಗತಿ. ಅಂಗಡಿಗೆ ಮೊದಲ ದಿನ ಬಂದಾಗ ಹೇಗಿತ್ತೋ ಹಾಗೇ ಇರಬೇಕು, ಕೊಳ್ಳುವವರು ಕೇಳುವುದು ಅದನ್ನೇ.

ಒಳ್ಳೆಯ ಪುಸ್ತಕ ಸಿಕ್ಕಿ ಕೈಯಲ್ಲಿ ಚೀಲವಿಲ್ಲದಿದ್ದರೆ, ಅಥವಾ ಇನ್ನೊಂದು ಅಂಗಡಿಗೆ ಹೋಗುವ ಅವಸರವಿದ್ದರೆ, "ಕಟ್ಟಿಡಿ, ಬಂದು ತಗೊಂಡು ಹೋಗ್ತೀನಿ" ಅನ್ನುತ್ತಿದ್ದಳು. ರದ್ದಿಯವರು ಅಡ್ಡಕ್ಕೊಂದು ಉದ್ದಕ್ಕೊಂದು ದಾರ ಸುತ್ತಿ ತಕ್ಕಡಿಯ ಹಿಂದೆ ಇಟ್ಟಿರುತ್ತಿದ್ದರು. ಕಟ್ಟಿಟ್ಟದ್ದನ್ನು ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಆ ಮಾತಿಗೆ ಅಷ್ಟು ಬೆಲೆಯಿತ್ತು.

ಆಕೆ ಇದ್ದದ್ದು ಮಹಡಿಯ ಮೇಲಿನ ಎರಡು ಕೋಣೆಯಲ್ಲಿ. ಒಂದರಲ್ಲಿ ಒಲೆ, ಹಾಸಿಗೆ. ಇನ್ನೊಂದರಲ್ಲಿ ಗೋಡೆಗೆ ಒತ್ತಿ ನಿಂತ ಟ್ರಂಕುಗಳು. ಮನೆಯ ಯಜಮಾನ ಬಾಡಿಗೆ ಏರಿಸಿದಾಗ ವಿಷಯ ಹೇಗೋ ತಮ್ಮನ ಕಿವಿಗೆ ಬಿತ್ತು. ತಮ್ಮನದು ನಲ್ಲಿ, ಪೈಪು ಮಾರುವ ಅಂಗಡಿ. ಬಂದವನು ಟ್ರಂಕಿನ ಮೇಲೇ ಕೂತ.

"ಅಕ್ಕಾ, ಇನ್ನೆಷ್ಟು ದಿನ ಈ ಧೂಳು ಕುಡೀತೀಯ? ನಮ್ಮನೇಲಿ ರೂಮು ಖಾಲಿ ಇದೆ. ನಮ್ಮತ್ತೆ ಹಾಸಿಗೆ ಹಿಡಿದಿದ್ದಾರೆ. ನೀನಿದ್ರೆ ಅವ್ರಿಗೂ ಒಂದು ಜೊತೆ."

"ಜೊತೆಯೋ ಚಾಕರಿಯೋ, ಬಿಡಿಸಿ ಹೇಳು. ಮೊದ್ಲು ಟ್ರಂಕಿನ ಮೇಲಿಂದ ಏಳು."

"ನಿಂಗೆ ಯಾವಾಗ್ಲೂ ಕೊಂಕು. ನಾನೇನು ಹೊರಗಿನವ್ನಾ?"

ಹೊರಗಿನವನಾಗಿದ್ದರೆ ಆಕೆ ಎರಡು ಮಾತಾಡಿ ಕಳಿಸುತ್ತಿದ್ದಳು. ತಮ್ಮ ಕೆಟ್ಟವನಲ್ಲ, ಅದೇ ಕಷ್ಟ. ಆದರೆ ಆ ಮನೆಯ ಬಾಗಿಲು ತೆಗೆಯುವವಳು ತಮ್ಮನ ಹೆಂಡತಿ, ದೀಪ ಆರಿಸುವವಳೂ ಅವಳೇ. ಟೀ ಬೇಕೆನ್ನಿಸಿದರೆ ಇನ್ನೊಬ್ಬರ ಮುಖ ನೋಡಬೇಕು. ಇಲ್ಲಿ ಸೆರಗಿನ ತುದಿಗೆ ಗಂಟು ಹಾಕಿದ ಬೀಗದ ಕೈ ಆಕೆಯದು. ಹಸಿವಾದರೆ ಬೇಯಿಸಿದಳು, ಬೇಡವಾದರೆ ಮಲಗಿದಳು, ಕೇಳುವವರಿಲ್ಲ. ಆ ಸುಖವನ್ನು ತಮ್ಮನಿಗೆ ಹೇಗೆ ವಿವರಿಸುವುದು?

"ಈ ತಿಂಗಳು ಕಳೀಲಿ" ಅಂದಳು. "ಹಲ್ಲಿನ ಡಾಕ್ಟ್ರು ಕೇಳಿರೋ ಪುಸ್ತಕ ಸಿಕ್ಕಿದ್ರೆ ಬಾಡಿಗೆ ಚಿಂತೆ ಇರಲ್ಲ, ಇಲ್ಲೇ ಇರ್ತೀನಿ. ಆಗದಿದ್ರೆ ನೀನು ಗಾಡಿ ತಗೊಂಡು ಬಾ. ತುಟಿ ಪಿಟಕ್ಕನ್ನದೆ ಹತ್ತುತೀನಿ."

"ಮಾತು ಅಂದ್ರೆ ಮಾತು?"

"ನಿನ್ನ ಎತ್ತಿ ಆಡಿಸಿದೋಳು ನಾನು. ಯಾವತ್ತು ಮಾತು ತಪ್ಪಿದೀನಿ?"

ಹಲ್ಲಿನ ಡಾಕ್ಟರು ಆಕೆಯ ಹಳೇ ಗಿರಾಕಿ. ಅವರು ಕೇಳಿದ್ದು 'ಗಾಳಿಕುದುರೆ' ಎಂಬ ಹಳೆಯ ಮಕ್ಕಳ ಪತ್ರಿಕೆ. ರೆಕ್ಕೆಯ ಕುದುರೆಯೊಂದು ಕಳ್ಳರನ್ನು ಹಿಡಿಯುವ ಕಥೆ. ಮೊದಲ ವರ್ಷದ್ದಷ್ಟೂ ಬೇಕು, ಒಂದೂ ಬಿಟ್ಟುಹೋಗಬಾರದು, ಒಂದಕ್ಕೂ ಯಾರೂ ಕೈ ಹಚ್ಚಿರಬಾರದು ಎಂದಿದ್ದರು. ಆಕೆ ಹುಡುಕದ ಜಾಗವಿಲ್ಲ. ಶಾಲೆಯ ಲೈಬ್ರರಿಯಲ್ಲಿ ಸಿಕ್ಕವಕ್ಕೆಲ್ಲ ಸೀಲು ಬಿದ್ದಿತ್ತು. ಕ್ಷೌರದ ಅಂಗಡಿಯವನು, "ಇದ್ವಮ್ಮಾ, ಮಕ್ಕಳು ಅಳಬಾರ್ದು ಅಂತ ಇಟ್ಟಿದ್ದೆ. ಕತ್ತಿ ಒರೆಸಿ ಒರೆಸಿ ಮುಗಿದ್ವು" ಎಂದು ಕುರ್ಚಿ ತಿರುಗಿಸಿದ.

ಕೊನೆಗೆ ಮೆಟ್ಟಿಲಿಳಿಯುವಾಗ ಕಾಲು ಉಳುಕಿತು. ಪಾದ ಬಾತು ನೆಲಕ್ಕೆ ಊರಲಾರದೆ, ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದಾಗ ಫೋನು ಬಂತು. ಆ ಕಡೆ ಪುಸ್ತಕ ಕಟ್ಟುವ ಅಣ್ಣ.

ಆತ ಗಂಡನ ಜೊತೆಗೆ ಛಾಪಖಾನೆಯಲ್ಲಿದ್ದವನು. ಈಗ ಕಚೇರಿಗಳ ಹಿಂದಿನ ಓಣಿಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದ. ಊರೆಲ್ಲ ಬೈಂಡಿಂಗ್ ಅಂದರೂ ಅವನು ಮಾತ್ರ ಪುಸ್ತಕ ಕಟ್ಟುವುದು ಎಂದೇ ಅನ್ನುತ್ತಿದ್ದ. ಯಂತ್ರದಲ್ಲಿ ಅಂಟಿಸುವವರು ಬಂದ ಮೇಲೆ ಅವನ ಕಡೆ ಯಾರೂ ಬರುತ್ತಿರಲಿಲ್ಲ.

"ತಂಗ್ಯಮ್ಮಾ, ಎಲ್ಲಿದೀಯ? ಅಟ್ಟ ಝಾಡಿಸ್ತಿದ್ದೆ. ನೀನು ಕೇಳ್ತಿದ್ದೆಯಲ್ಲ, ಕುದುರೇದು? ವರ್ಷದ್ದು ಪೂರ್ತಿ ಇದೆ. ಯಾರೋ ಕೊಟ್ಟು ಹೋದವರು ವಾಪಸ್ ಬರ್ಲೇ ಇಲ್ಲ. ಕಾಗದದಲ್ಲಿ ಸುತ್ತಿದ್ದು ಸುತ್ತಿದ ಹಾಗೇ ಇದೆ."

ಆಕೆಗೆ ಕಾಲಿನ ನೋವು ಮರೆತುಹೋಯಿತು. "ಅಣ್ಣಾ, ಮೊದಲ್ನೇದಕ್ಕೆ ಹೊದಿಕೆ ಇದ್ಯಾ?"

"ಇದೆ ಕಣಮ್ಮ. ಹೊಸಾ ನೋಟಿನ ಹಾಗಿದೆ."

"ನಂಗೆ ಕಾಲು ಊರೋಕಾಗ್ತಿಲ್ಲ. ನೀವು ಎಲ್ಲಾ ಸೇರಿಸಿ ಕಟ್ಟಿಡಿ. ಕಾಲು ಸರಿಹೋದ ಮೇಲೆ ಬಂದು ತಗೋತೀನಿ."

"ಸಾದಾ ಕಟ್ಟಲಾ, ಗಟ್ಟಿ ಕಟ್ಟಲಾ?"

ಎಂಥ ಪ್ರಶ್ನೆ ಅನ್ನಿಸಿತು ಆಕೆಗೆ. ದಾರ ಸಡಿಲವಾದರೆ ಪುಸ್ತಕ ಜಾರಿ ಮೂಲೆ ಮಡಚುವುದಿಲ್ಲವೇ? "ಗಟ್ಟಿಯಾಗೇ ಕಟ್ಟಿ ಅಣ್ಣ. ಒಂದೂ ಆಚೀಚೆ ಆಗ್ಬಾರ್ದು."

"ನಂಗೆ ಹೇಳ್ಬೇಕಾ ನೀನು?" ಎಂದು ಆತ ನಕ್ಕ. ಬಹಳ ದಿನದ ಮೇಲೆ ನಕ್ಕವರ ನಗು ಅದು. ಆಕೆಯೂ ನಕ್ಕಳು. ಫೋನಿಟ್ಟ ಕೂಡಲೇ ಡಾಕ್ಟರಿಗೆ ಸುದ್ದಿ ಮುಟ್ಟಿಸಿದಳು, ಮನೆಯ ಯಜಮಾನನಿಗೆ ಹೊಸ ಬಾಡಿಗೆಗೆ ಒಪ್ಪಿಗೆ ಎಂದು ಹೇಳಿಕಳಿಸಿದಳು.

ಊತ ಇಳಿದು ಚಪ್ಪಲಿ ಹಿಡಿಸಿದ ದಿನ ಕಾಲೆಳೆದುಕೊಂಡು ಓಣಿಗೆ ಹೋದಳು. ಅಂಗಡಿಯಲ್ಲಿ ಅಂಟಿನ ಹುಳಿ ವಾಸನೆ. ಆತ ಶುಭ್ರವಾದ ಅಂಗಿ ತೊಟ್ಟಿದ್ದ. ಸ್ಟೂಲು ಒರೆಸಿ ಕೂರಿಸಿ, ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ಎರಡೂ ಕೈಯಲ್ಲಿ ತಂದು ಆಕೆಯ ಮಡಿಲಿನಲ್ಲಿಟ್ಟ.

"ಬಿಚ್ಚಿ ನೋಡು."

ಕಡುಗೆಂಪು ಕ್ಯಾಲಿಕೋ ಬಟ್ಟೆಯ ದಪ್ಪ ಪುಸ್ತಕ. ಮೂಲೆಗಳಿಗೆ ಚರ್ಮ. ಬೆನ್ನಿನ ಮೇಲೆ ಬಂಗಾರದ ಅಕ್ಷರ. ಆಕೆ ಕೂಡಿಸಿ ಓದಿದಳು: ಗಾಳಿಕುದುರೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಹೆಸರು. ಅದನ್ನು ಕೂಡಿಸಿ ಓದಬೇಕಾಗಲಿಲ್ಲ. ಆಕೆಯ ಗಂಡನ ಹೆಸರು.

"ಚರ್ಮ ಎಲ್ಲಿತ್ತು ಗೊತ್ತಾ? ಛಾಪಖಾನೆ ಮುಚ್ಚಿದಾಗ ಅವನೇ ಕೊಟ್ಟಿದ್ದು. ಒಳ್ಳೇ ಕೆಲಸಕ್ಕೆ ಅಂತ ಇಟ್ಟಿದ್ದೆ."

ಆಕೆ ಪುಸ್ತಕ ತೆರೆದಳು. ಹೊದಿಕೆಗಳು ಒಂದೂ ಇರಲಿಲ್ಲ. ಪಿನ್ನು ಕಿತ್ತು ದಾರದಲ್ಲಿ ಹೊಲಿದಿದ್ದ. ಮೂರು ಕಡೆಯ ಅಂಚೂ ಗಾಜಿನ ಹಾಗೆ ನುಣ್ಣಗೆ. ಆ ನುಣುಪಿಗಾಗಿ ಕತ್ತರಿಸಿದ ಜಾಗದಲ್ಲಿ ಕುದುರೆಯ ಕಿವಿ ಹೋಗಿತ್ತು, ರೆಕ್ಕೆಯ ತುದಿ ಹೋಗಿತ್ತು, ಕಳ್ಳನ ಬಾಯಿಂದ ಹೊರಟ ಮಾತಿನ ಮೇಲಿನ ಸಾಲು ಹೋಗಿತ್ತು.

"ಹೊದಿಕೆ...?"

"ನಡುನಡುವೆ ರಂಗಿನ ಹಾಳೆ ಬಂದ್ರೆ ಓದೋರಿಗೆ ಅಡ್ಡ ಅಲ್ವಾ, ತೆಗೆದ್ಬಿಟ್ಟೆ. ಬರೀ ಜಾಹೀರಾತು, ಹಿಂದೆ ಮುಂದೆ."

ಅಂಚು ಕತ್ತರಿಸುವ ಕೈಯಂತ್ರದ ಕೆಳಗೆ ಬುಟ್ಟಿಯಿತ್ತು. ಅದರಲ್ಲಿ ದಾರದಷ್ಟು ಸಣ್ಣ ಬಣ್ಣದ ಚೂರುಗಳು. ಆಕೆ ಬಗ್ಗಿ ಬುಟ್ಟಿಯೊಳಗೆ ಕೈ ಹಾಕಿದಳು.

"ಅದ್ಯಾಕೆ ಮುಟ್ತೀಯಮ್ಮ, ಬರೀ ಕಸ."

"ಅಣ್ಣಾ, ನಾನು ಕಟ್ಟಿಡಿ ಅಂದಿದ್ದೆ."

"ಹೂಂ ಮತ್ತೆ! ಅದಕ್ಕೇ ಕಟ್ಟಿದ್ದು. ಸಾದಾ ಬೇಡ, ಗಟ್ಟಿಯಾಗೇ ಕಟ್ಟಿ ಅಂದೆ. ನೋಡು, ನಿನ್ನ ಮೊಮ್ಮಕ್ಕಳ ಕಾಲಕ್ಕೂ ಒಂದು ಹೊಲಿಗೆ ಬಿಡಲ್ಲ."

ಆಕೆಗೆ ಮೊಮ್ಮಕ್ಕಳಿಲ್ಲ, ಅದು ಅವನಿಗೂ ಗೊತ್ತು. ಸಂತೋಷದಲ್ಲಿ ಬಾಯಿಗೆ ಬಂದದ್ದು ಅಂದಿದ್ದ. ಅವನು ಆಕೆಯ ಮುಖವನ್ನೇ ನೋಡುತ್ತಿದ್ದ. ಅಂಟು ಒಣಗಿ ಬಿರುಕುಬಿಟ್ಟ ಬೆರಳುಗಳನ್ನು ಅಂಗಿಗೆ ಒರೆಸಿ ಒರೆಸಿ ನೋಡುತ್ತಿದ್ದ. ಯಾರನ್ನು ಬೈಯುವುದು? ಅವನು ಕೇಳಿಸಿಕೊಂಡದ್ದನ್ನೇ ಮಾಡಿದ್ದ. ಆಕೆ ಹೇಳಬೇಕಾದ್ದನ್ನೇ ಹೇಳಿದ್ದಳು. ಎಲ್ಲ ಅಂಗಡಿಯಲ್ಲೂ ಹೇಳುವ ಮಾತು ಅದು. ಈ ಅಂಗಡಿಯಲ್ಲಿ ಅದಕ್ಕೆ ಬೇರೆ ಅರ್ಥವಿದೆ ಎಂದು ಗೊತ್ತಿದ್ದೂ, ಹೇಳುವ ಹೊತ್ತಿಗೆ ಹೊಳೆಯಲಿಲ್ಲ.

"ಹೆಂಗಿದೆ?"

"ಚೆನ್ನಾಗಿದೆ ಅಣ್ಣ."

"ಅಷ್ಟೇನಾ?"

"ಇಷ್ಟು ಚೆನ್ನಾಗಿ ಯಾರು ಕಟ್ತಾರೆ ಈಗ" ಅಂದಳು. ಅದೂ ನಿಜವೇ. ಕೂಲಿ ಎಷ್ಟೆಂದು ಕೇಳಿದ್ದಕ್ಕೆ ಆತ ಕಿವಿ ಮುಚ್ಚಿಕೊಂಡ. ಇದನ್ನು ಕೇಳಿದ್ದ ಹಲ್ಲಿನ ಡಾಕ್ಟರಿಗೆ ತೋರಿಸಬೇಕು ಎಂದು ಹೇಳಿ ಎದ್ದಳು.

ಹಲ್ಲಿನ ಡಾಕ್ಟರು ರೋಗಿಯೊಬ್ಬನನ್ನು ಬಾಯಿ ತೆರೆಸಿ ಕೂರಿಸಿಯೇ ಹೊರಗೆ ಓಡಿ ಬಂದರು. ಕೆಂಪು ಬಟ್ಟೆ ನೋಡುತ್ತಲೇ ಅವರ ಮುಖ ಇಳಿಯಿತು. ಒಂದೊಂದೇ ಹಾಳೆ ತಿರುಗಿಸಿದರು. ಬೈಯಲಿಲ್ಲ. ಬೈದಿದ್ದರೆ ಆಕೆಗೆ ಹಗುರವಾಗುತ್ತಿತ್ತು.

"ಯಾರಮ್ಮ ಮಾಡಿದ್ದು?"

"ನಮ್ಮೋರೇ ಸಾರ್. ಪ್ರೀತಿಯಿಂದ ಮಾಡಿದ್ರು."

"ಬಿಚ್ಚಿಸಿದ್ರೂ ಏನೂ ಉಪಯೋಗ ಇಲ್ಲಮ್ಮ. ಕತ್ತರಿಸಿದ್ದು ಕತ್ತರಿಸಿದ ಹಾಗೇ. ಓದೋಕೆ ಮಾತ್ರ ಚೆನ್ನಾಗಿದೆ." ಪುಸ್ತಕ ಮರಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಆಕೆ ಬಾಗಿಲು ದಾಟುವಾಗ ಹಿಂದಿನಿಂದ ಕೂಗಿ, "ನಿಮ್ಮ ಹಲ್ಲಿಗೆ ಏನಾದ್ರೂ ಆದ್ರೆ ಬನ್ನಿ, ಫೀಸು ಬೇಡ" ಅಂದರು. ಏನಾದರೂ ಕೊಡಬೇಕೆನ್ನಿಸಿತ್ತು ಪಾಪ, ಬೇರೆ ಏನೂ ತೋಚಿರಲಿಲ್ಲ.

ತಿಂಗಳು ಕಳೆಯಿತು. ತಮ್ಮ ಅಂಗಡಿಯ ಗಾಡಿಯನ್ನೇ ತಂದ. ಅವನು ಒಂದೂ ಕೊಂಕು ಮಾತಾಡಲಿಲ್ಲ, ಆಕೆಯೂ ಮಾತು ಕೊಟ್ಟಂತೆ ತುಟಿ ಬಿಚ್ಚಲಿಲ್ಲ. ಯಜಮಾನನ ಕೈಗೆ ಬೀಗದ ಕೈ ಕೊಡುವಾಗ ಸೆರಗಿನ ಗಂಟು ಬಿಚ್ಚುವುದಕ್ಕೇ ಹೊತ್ತು ಹಿಡಿಯಿತು. ಗಾಡಿ ಹೊರಟ ಮೇಲೆ, "ಆ ಓಣಿ ಹತ್ರ ಒಂಚೂರು ನಿಲ್ಸು. ಅಣ್ಣನಿಗೆ ಹೇಳಿ ಬರ್ತೀನಿ" ಅಂದಳು.

ಪುಸ್ತಕ ಕಟ್ಟುವ ಅಣ್ಣ ಯಂತ್ರದ ಮುಂದೆ ನಿಂತಿದ್ದ. ಆಕೆಯನ್ನು ನೋಡಿ ಮುಖ ಅರಳಿಸಿದ.

"ಸರಿಯಾದ ಹೊತ್ತಿಗೆ ಬಂದೆ. ಡಾಕ್ಟ್ರು ಏನಂದ್ರು?"

"ಮೆಚ್ಚಿದ್ರು."

"ಮೆಚ್ಚದೆ ಏನು! ನೋಡಿಲ್ಲಿ, ರದ್ದಿಯವನಿಗೆ ಹೇಳಿದ್ದೆ. ಬೊಂಬೆಯಕ್ಕನ ಬೊಂಬೆಪುಸ್ತಕ ಏನೇ ಬಂದ್ರೂ ನನ್ ಹತ್ರ ಕಳಿಸು, ಕಟ್ಟಿ ಕೊಡೋದು ನನ್ನ ಜವಾಬ್ದಾರಿ ಅಂತ. ಕಳಿಸಿದ್ದಾನೆ."

ಅಲಗಿನ ಕೆಳಗೆ ಪುಸ್ತಕಗಳು ಸಾಲಾಗಿ ಕೂತಿದ್ದವು. ಹೊದಿಕೆ ಕಿತ್ತಾಗಿತ್ತು. ಒಳಗಿನ ಹಾಳೆಗಳ ಬಿಳುಪು ನೋಡಿದರೇ ಗೊತ್ತಾಗುತ್ತಿತ್ತು, ಯಾವ ಮಗುವಿನ ಕೈಯೂ ತಾಗದವು. ಬೇಡ ಅನ್ನಬಹುದಿತ್ತು. ಅಂದರೆ ಯಾಕೆ ಎಂದು ಕೇಳುತ್ತಾನೆ. ಯಾಕೆಂದು ಹೇಳಿದರೆ ಆ ಕೆಂಪು ಪುಸ್ತಕದ ಕಥೆಯನ್ನೂ ಹೇಳಬೇಕು, ಹೊರಗೆ ನಿಂತ ಗಾಡಿಯ ಕಥೆಯನ್ನೂ ಹೇಳಬೇಕು.

"ಸ್ವಲ್ಪ ಕಮ್ಮಿ ಕತ್ತರಿಸಿ ಅಣ್ಣ."

"ಕಮ್ಮಿ ಕತ್ತರಿಸಿದ್ರೆ ಅಂಚು ನೇರ ಬರಲ್ಲ ತಂಗ್ಯಮ್ಮ. ನಂಗೇ ಪಾಠ ಹೇಳ್ತೀಯಾ?" ಆತ ನಗುತ್ತ ಅಲಗು ಇಳಿಸುವ ಚಕ್ರಕ್ಕೆ ಕೈ ಹಾಕಿದ. "ಒಂದು ಕೈ ಕೊಡು. ಆ ಕಡೆ ಒತ್ತಿ ಹಿಡಿ, ಜಾರಬಾರ್ದು."

ಓಣಿಯ ಬಾಯಲ್ಲಿ ತಮ್ಮ ಹಾರ್ನ್ ಒತ್ತಿದ. ಆಕೆ ಅಂಗೈಯನ್ನು ಹಾಳೆಗಳ ಮೇಲಿಟ್ಟು, ಅವು ಜಾರದ ಹಾಗೆ ಗಟ್ಟಿಯಾಗಿ ಒತ್ತಿ ಹಿಡಿದಳು.