ಎಪ್ಪತ್ತೆಂಟು ಕಿಲೋಗೆ ತಕ್ಕ ಹಲಗೆ

ನೀರಿನ ಮೇಲೆ ಮನುಷ್ಯರು ನಿಲ್ಲುವುದನ್ನು ನಾನು ಮೊದಲ ಸಲ ಕಂಡದ್ದು ಗೋವೆಯ ಕಾಣಕೋಣದ ಹತ್ತಿರ, ಒಂದು ಸೇತುವೆಯ ಮೇಲಿಂದ. ಕಾರವಾರದಲ್ಲಿ ನೆಂಟರ ಮದುವೆ ಮುಗಿಸಿ ನಾನೂ ನಮ್ಮ ಯಜಮಾನರೂ ಮನೆಗೆ, ಸಾಂಖಳಿಗೆ, ವಾಪಸಾಗುತ್ತಿದ್ದೆವು. ಮದುವೆ ಊಟ ಜಾಸ್ತಿಯಾಗಿ ಹೊಟ್ಟೆ ತೊಳಸಿದಂತಾಯಿತು, ಕಾರು ನಿಲ್ಲಿಸಲು ಹೇಳಿದೆ. ಕಟಕಟೆ ಹಿಡಿದು ಕೆಳಗೆ ನೋಡಿದರೆ ಹೊಳೆಯಲ್ಲಿ ಒಂದು ಮೋಟಾರು ದೋಣಿ, ಅದರ ಹಿಂದೆ ಉದ್ದನೆಯ ಹಗ್ಗ, ಹಗ್ಗದ ತುದಿಯಲ್ಲಿ ಒಬ್ಬ ಹುಡುಗಿ. ಅವಳ ಕಾಲ ಕೆಳಗೆ ಬರೀ ಒಂದು ಹಲಗೆ. ಕೂತಿರಲಿಲ್ಲ, ಮಲಗಿರಲಿಲ್ಲ. ಬಸ್ಸಿಗೆ ಕಾಯುವವಳ ಹಾಗೆ ಆರಾಮಾಗಿ ನಿಂತುಕೊಂಡು ಹೊಳೆಯುದ್ದಕ್ಕೂ ಹೋಗುತ್ತಿದ್ದಳು.

ನನ್ನ ಹೊಟ್ಟೆ ತೊಳಸುವುದು ನಿಂತುಹೋಯಿತು. ಮೈಮೇಲೆ ಮುಳ್ಳು ಎದ್ದವು. ಗೋವೆಯಲ್ಲಿ ಇಪ್ಪತ್ತು ವರ್ಷದಿಂದ ಬಟ್ಟೆ ಅಂಗಡಿ ನಡೆಸುತ್ತಿದ್ದೇವೆ, ಆದರೆ ಸಮುದ್ರಕ್ಕೆ ಹೋದರೆ ನಾನು ಸೀರೆ ಮೊಣಕಾಲಿಗೆತ್ತಿ ನಿಂತು ಬರುವವಳು. ಹೀಗೊಂದು ಇದೆ ಎಂದು ಯಾರೂ ಹೇಳಿರಲಿಲ್ಲ.

"ನಾನೂ ಹಂಗ ನಿಂದರಬೇಕು," ಅಂದೆ.

"ಮೊದ್ಲ ಕಾರ್ ಹತ್ತು, ಸಾವಕಾಶ," ಅಂದರು ಯಜಮಾನರು.

ಈ 'ಸಾವಕಾಶ'ದ ಕಥೆ ಹೇಳಬೇಕು. ಅದಕ್ಕೂ ಒಂದೂವರೆ ವರ್ಷದ ಹಿಂದೆ ನನ್ನ ಗರ್ಭಕೋಶ ತೆಗೆದಿದ್ದರು. ಆರು ತಿಂಗಳಾದ ಮೇಲೆ ಡಾಕ್ಟರಮ್ಮ ಎಲ್ಲ ಕೆಲಸ ಮಾಡಬಹುದು ಎಂದು ಹೇಳಿ ಕಳಿಸಿದರು. ಆದರೆ ಯಜಮಾನರ ಲೆಕ್ಕದಲ್ಲಿ ನಾನು ಇನ್ನೂ ಹಾಸಿಗೆಯಲ್ಲೇ ಇದ್ದೆ. ಬಟ್ಟೆಯ ಗಂಟು ಮುಟ್ಟಿದರೆ ಸಾವಕಾಶ, ಬಕೆಟ್ ಎತ್ತಿದರೆ ಸಾವಕಾಶ, ಮೆಟ್ಟಿಲ ಹತ್ತಿರ ಹೋದರೆ ಓಡಿ ಬಂದು ರಟ್ಟೆ ಹಿಡಿಯುವುದು. ಪಾಪ, ಪ್ರೀತಿಯೇ. ಆದರೆ ದಿನಾ ಕೇಳಿ ಕೇಳಿ ನನಗೂ ಅದು ಖರೇ ಅನ್ನಿಸತೊಡಗಿತ್ತು. ಈ ಮೈಯನ್ನು ಇನ್ನು ಕಾಯ್ದುಕೊಂಡು ಕೂರುವುದಷ್ಟೇ, ಇದರಿಂದ ಏನನ್ನೂ ಮಾಡಿಸುವಂತಿಲ್ಲ ಎಂದು ಒಳಗೊಳಗೇ ಒಪ್ಪಿಕೊಂಡುಬಿಟ್ಟಿದ್ದೆ. ಸೇತುವೆಯ ಮೇಲೆ ಆ ಒಪ್ಪಿಗೆ ಮುರಿಯಿತು. ಒಂದೇ ಒಂದು ಸಲ ನೀರಿನ ಮೇಲೆ ನಿಂತರೆ ಸಾಕು, ಈ ಮೈ ಇನ್ನೂ ನನ್ನದೇ ಎಂದು ಗೊತ್ತಾಗುತ್ತದೆ. ನಿಲ್ಲಲು ಆಗದಿದ್ದರೆ ಅವರು ಹೇಳುವುದೇ ಸರಿ ಎಂದು ಬಾಯಿ ಮುಚ್ಚಿಕೊಂಡು ರಟ್ಟೆ ಕೊಡುವುದು. ಹೀಗೆ ನಾನೇ ಪಣ ಹಾಕಿಕೊಂಡೆ.

ಯಜಮಾನರು ಡಾಕ್ಟರಮ್ಮನಿಗೆ ಫೋನು ಮಾಡಿದರು, ಅವರು ಬೇಡ ಅನ್ನುತ್ತಾರೆ ಎಂಬ ಧೈರ್ಯದಿಂದ. ಅವರು ನಕ್ಕು, ಲೈಫ್ ಜಾಕೆಟ್ ಹಾಕಿಕೊಂಡು ಮಾಡಲಿ ಬಿಡ್ರಿ ಅಂದರು. ಇವರ ಮುಖ ಹುಳ್ಳಗಾಯಿತು. ಅಂಗಡಿಯ ರಜೆಯ ದಿನ ನೋಡಿಕೊಂಡು, ದೋಣಿಯಲ್ಲಿ ತಾವೂ ಕೂರುವುದೆಂಬ ಕರಾರಿನ ಮೇಲೆ ಕರೆದುಕೊಂಡು ಹೋದರು.

ಹೊಳೆಯ ದಂಡೆಯಲ್ಲಿ ತಗಡಿನ ಶೆಡ್ಡು. ಒಳಗೆ ಗೋಡೆಗೆ ಆನಿಸಿ ಹತ್ತು ಹನ್ನೆರಡು ಹಲಗೆ ನಿಲ್ಲಿಸಿದ್ದರು. ವೇಕ್‌ಬೋರ್ಡ್ ಅನ್ನುತ್ತಾರೆ ಇವಕ್ಕೆ. ಕಲಿಸುವವಳು ಬಂದಳು, ಇಪ್ಪತ್ತೈದರ ಹುಡುಗಿ. ಸೇತುವೆಯಿಂದ ನಾನು ನೋಡಿದ್ದು ಇವಳನ್ನೇ. ನಾವು ಮಾತಾಡುವುದನ್ನು ಕೇಳಿ, "ನೀವೂ ನಮ್ಮ ಕಡೀಯವರೇನ್ರಿ ಅಕ್ಕಾರ?" ಅಂದಳು. ಗೋವೆಯಲ್ಲೇ, ನಮ್ಮವರೇ ತುಂಬಿದ ಮಂಗೋರ್ ಹಿಲ್‌ನಲ್ಲಿ ಹುಟ್ಟಿ ಬೆಳೆದವಳು. ತಾಯಿ ಬಾದಾಮಿ ಕಡೆಯವಳು, ಬೀಚಿನಲ್ಲಿ ಮಣಿಸರ ಮಾರುತ್ತಾಳೆ. ತಾಯಿ ಮರಳಿನ ಮೇಲೆ ನಡೆಯುತ್ತಿದ್ದಾಗ ಮಗಳು ನೀರಿನ ಕಡೆ ನೋಡುತ್ತಾ ದೊಡ್ಡವಳಾದಳಂತೆ. ನಾನು ಅವಳ ಕಾಲುಗಳನ್ನೇ ನೋಡುತ್ತಿದ್ದೆ. ಎಲ್ಲರ ಹಾಗೇ ಇದ್ದವು, ಹಿಮ್ಮಡಿ ಒಡೆದಿತ್ತು.

"ಈ ಬೋರ್ಡ್ ಕೊಡು ತಂಗಿ," ಎಂದು ನಾನು ಆಗಲೇ ಒಂದನ್ನು ಕೈಗೆತ್ತಿಕೊಂಡಿದ್ದೆ. ನವಿಲು ನೀಲಿ ಮೈ, ಸುತ್ತ ಕೆಂಪು ಅಂಚು, ನಡುವಿನಲ್ಲಿ ಸಪೂರ. ಜೀವಮಾನವೆಲ್ಲ ಬಟ್ಟೆ ಮಾರಿದ ಕಣ್ಣಿಗೆ ಮೊದಲು ಕಾಣುವುದು ಬಣ್ಣ, ಆಮೇಲೆ ಅಂಚು.

ಹುಡುಗಿ ನಕ್ಕಳು. ಬಣ್ಣ ಕಡೆಗೆ ನೋಡೋಣ ಎಂದು ಹಲಗೆಗಳನ್ನು ಒಂದೊಂದಾಗಿ ತಿರುಗಿಸಿ ತೋರಿಸಿದಳು. ಕೆಲವುಗಳ ಎರಡೂ ತುದಿ ಜೋರಾಗಿ ಮೇಲಕ್ಕೆ ಬಾಗಿವೆ, ಅವು ಹಾರುವವರಿಗೆ. ಬಾಗು ಕಡಿಮೆ ಇದ್ದದ್ದು ನೀರಿನ ಮೇಲೆ ಶಾಂತವಾಗಿ ಹೋಗುತ್ತದೆ, ಹೊಸಬರಿಗೆ ಅದು. ತಳದಲ್ಲಿ ಮೀನಿನ ರೆಕ್ಕೆಯಂಥವು ಇದ್ದರೆ ಹಲಗೆ ಅತ್ತಿತ್ತ ಜಾರುವುದಿಲ್ಲ. ಕಾಲು ತೂರಿಸುವ ಬೂಟಿಗೆ ಮುಂದೆ ಬಾಯಿ ತೆರೆದಿದ್ದರೆ ಯಾರ ಪಾದಕ್ಕಾದರೂ ಆಗುತ್ತದೆ. ಇಷ್ಟು ಸಣ್ಣ ಹಲಗೆಯಲ್ಲಿ ಇಷ್ಟೆಲ್ಲ ವಿಚಾರ ಮಾಡಿದ್ದಾರಲ್ಲ ಎಂದು ನಾನು ಬೆರಗಾಗಿ, ಒಂದೊಂದರ ಬೆನ್ನಿನ ಮೇಲೂ ಕೈಯಾಡಿಸಿದೆ.

"ಯಾವ ಕಾಲ ಮುಂದ ಇಡ್ತೀರಿ ಅಕ್ಕಾರ?"

"ಬಲಗಾಲು," ಅಂದೆ ಥಟ್ಟನೆ.

"ನಮ್ಮ ಹೆಣ್ಮಕ್ಕಳು ಎಲ್ಲಾರೂ ಬಲಗಾಲನ ಅಂತಾರ್ರಿ. ಅದು ಸೇರು ಒದ್ದು ಮನಿಗೆ ಬಂದ ಕಾಲು, ನೀರಿಗೆ ಅದು ನಡ್ಯಾಂಗಿಲ್ಲ," ಎಂದಳು. ನಾನು ಮತ್ತೆ ನೀಲಿ ಹಲಗೆಯ ಕಡೆ ತಿರುಗಿದ್ದೇ ತಡ, ಹಿಂದಿನಿಂದ ಸಣ್ಣಗೆ ನೂಕಿದಳು. ಬೀಳದಂತೆ ತಡೆಯಲು ಮುಂದೆ ಹೋದದ್ದು ಎಡಗಾಲು.

"ನೋಡ್ರಿ, ಖರೇ ಕಾಲು ಸಿಕ್ತು."

ನೂಕಿದ್ದಕ್ಕೆ ಯಜಮಾನರು ಸಿಟ್ಟಿನಿಂದ ಎದ್ದೇ ನಿಂತಿದ್ದರು. ನಾನು ಕಣ್ಣಿನಲ್ಲೇ ಕೂರಿಸಿದೆ.

"ತೂಕ ಎಷ್ಟ್ರಿ? ಬೋರ್ಡಿನ ಉದ್ದ ತೂಕದ ಮ್ಯಾಲ ಹೋಗತೈತಿ, ಎತ್ತರದ ಮ್ಯಾಲ ಅಲ್ಲ."

"ಅರವತ್ತೆರಡು."

ಬಾಯಿಗೆ ಬಂದದ್ದು ಅದು. ಆಸ್ಪತ್ರೆಯ ಫೈಲಿನಲ್ಲಿ ಕಡೆಯ ಸಲ ಬರೆದದ್ದು ಬೇರೆ, ಅದು ಯಜಮಾನರಿಗೂ ಗೊತ್ತು. ಅವರು ಶೆಡ್ಡಿನ ತಗಡನ್ನು ನೋಡತೊಡಗಿದರು. ಹುಡುಗಿ ನನ್ನನ್ನು ಒಂದು ಗಳಿಗೆ ನೋಡಿ, ನೀಲಿ ಹಲಗೆಯನ್ನೇ ಎತ್ತಿಕೊಂಡಳು. ಅರವತ್ತೆರಡಕ್ಕೆ ಅದು ನಡೆಯುತ್ತಿತ್ತು.

ಹೊಳೆಗೆ ಇಳಿಯುವ ಮುಂಚೆ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಗಂಗೆಯ ಮೇಲೆ ಕಾಲಿಟ್ಟು ನಿಲ್ಲಲು ಹೊರಟವಳು, ತಪ್ಪು ಕೇಳದೆ ಹೋಗುವುದು ಹೇಗೆ? ಪಕ್ಕದಲ್ಲಿ ನೋಡಿದರೆ ಆ ಹುಡುಗಿಯೂ ಬಗ್ಗಿ ಅದನ್ನೇ ಮಾಡುತ್ತಿದ್ದಳು. ದಿನಾ ಮಾಡುತ್ತಾಳಂತೆ.

ಕಲಿಯಬೇಕಾದದ್ದು ಕೇಳಲು ಸುಲಭ. ಲೈಫ್ ಜಾಕೆಟ್ಟಿನಲ್ಲಿ ಅಂಗಾತ ತೇಲಬೇಕು, ಮೊಣಕಾಲು ಎದೆಗೆ ಮಡಚಿರಬೇಕು, ಹಲಗೆ ಎದುರಿಗೆ ಅಡ್ಡ ಇರಬೇಕು. ದೋಣಿ ಎಳೆದಾಗ ಏಳಲು ಹೋಗಬಾರದು, ದೋಣಿಯೇ ಎಬ್ಬಿಸುತ್ತದೆ. ಹುಡುಗಿ ನೀರಿನಲ್ಲಿ ನನ್ನ ಪಕ್ಕದಲ್ಲೇ ಇದ್ದಳು. ದೋಣಿ ನಡೆಸುವ ಕೊಂಕಣಿ ಅಣ್ಣ ಮುಂದೆ ನೋಡುತ್ತಿರಬೇಕಾದ್ದರಿಂದ, ಹಿಂದಕ್ಕೆ ಮುಖ ಮಾಡಿ ಒಬ್ಬರು ಕೂರಲೇಬೇಕು. ಆ ಕೆಲಸ ಯಜಮಾನರಿಗೆ ಬಂತು. ನಾನು ಬಿದ್ದರೆ ಅವರು ಕೈ ಎತ್ತಬೇಕು, ಕೈ ಕಂಡ ಕೂಡಲೇ ಅಣ್ಣ ದೋಣಿ ನಿಲ್ಲಿಸುತ್ತಾನೆ. ಹೇಳಿ ಮಾಡಿಸಿದಂಥ ಕೆಲಸ ಅವರಿಗೆ.

ಮೊದಲ ಸಲ ಹಗ್ಗ ಬಿಗಿಯಾಯಿತು, ನೀರು ಮುಖಕ್ಕೆ ರಾಚಿತು, ಮೂಗಿನೊಳಗೆ ಅಳಿವೆಯ ಉಪ್ಪು, ಹಗ್ಗ ಕೈ ಬಿಟ್ಟಿತು. ಎರಡನೆಯ ಸಲ ಹಲಗೆಯ ಮೂತಿ ನೀರಿನೊಳಗೆ ಹೊಕ್ಕಿತು, ಅದರ ಹಿಂದೆ ನಾನೂ ಹೊಕ್ಕೆ. ಮೂರನೆಯ ಸಲ ದೋಣಿ ನನ್ನನ್ನು ಅಕ್ಕಿ ಚೀಲದಂತೆ ಎಳೆದುಕೊಂಡು ಹೋಯಿತು, ಮೇಲೆ ಮಾತ್ರ ಬರಲಿಲ್ಲ. ನಾಲ್ಕನೆಯ ಸಲ ಹಗ್ಗ ಬಿಗಿಯಾದ ಕೂಡಲೇ ಕೈಯಿಂದ ಕಿತ್ತುಕೊಂಡು ಹೋಯಿತು. ಯಜಮಾನರು ಪ್ರತಿ ಸಲವೂ ಕೈ ಎತ್ತಿದರು, ಒಮ್ಮೆಯಂತೂ ನಾನು ಬೀಳುವ ಮುಂಚೆಯೇ ಎತ್ತಿದ್ದರು.

ದಂಡೆಗೆ ಬಂದು ಮೊಣಕಾಲುದ್ದ ನೀರಿನಲ್ಲಿ ಕೂತೆ. ಪಣ ಸೋತೆ ಅನ್ನಿಸಿತು. ಇವರು ಹೇಳುವುದೇ ಸರಿ, ಈ ಮೈ ಮುಗಿದ ಮೈ. ಯಜಮಾನರು ದೋಣಿಯಿಂದ, "ಸಾಕ ಬಿಡು, ಪ್ರಯತ್ನರ ಮಾಡಿದೆಲ್ಲ," ಅಂದರು. ಮೆತ್ತಗೆ ಹೇಳಿದರು, ಅದೇ ಹೆಚ್ಚು ಚುಚ್ಚಿತು.

ಹುಡುಗಿ ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ನನ್ನ ಬೂಟು ಬಿಚ್ಚುತ್ತಾ ಹೇಳಿದಳು: "ಅಕ್ಕಾರ, ಈ ಕಂಪನೀದು ಅಳತಿ ಸಣ್ಣ ಬರತೈತ್ರಿ. ತಡೀರಿ, ಒಂದು ದೊಡ್ಡದು ತರ್ತೀನಿ."

ನಾನು ಅವಳ ಮುಖ ನೋಡಿದೆ. ಅದು ನನ್ನ ಮಾತು! ಅಂಗಡಿಗೆ ಹೆಣ್ಣುಮಕ್ಕಳು ಬಂದು ಹತ್ತು ವರ್ಷದ ಹಿಂದಿನ ಅಳತೆ ಹೇಳಿ ಕುರ್ತಾ ಕೇಳುತ್ತಾರೆ. ನಾನು ಒಂದು ಸಲ ನೋಡಿ, ಎರಡು ಸೈಜು ದೊಡ್ಡದನ್ನು ತಂದು, "ಈ ಕಂಪನೀದು ಅಳತಿ ಸಣ್ಣ ಬರತೈತ್ರಿ," ಎಂದು ಮುಂದಿಡುತ್ತೇನೆ. ಯಾರ ಮುಖವನ್ನೂ ಇಳಿಸದೆ ಎಷ್ಟು ಜನರಿಗೆ ಬಟ್ಟೆ ತೊಡಿಸಿಲ್ಲ ನಾನು! ಅದೇ ಸುಳ್ಳನ್ನು ಅಷ್ಟೇ ಮರ್ಯಾದೆಯಿಂದ ಮಣಿಸರದವಳ ಮಗಳು ನನಗೆ ಹೇಳುತ್ತಿದ್ದಾಳೆ. ನಗು ಉಕ್ಕಿತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು.

"ಎಪ್ಪತ್ತೆಂಟು," ಅಂದೆ. "ಎಪ್ಪತ್ತೆಂಟು ಕಿಲೋ ಅದೀನಿ ತಂಗಿ. ಅರವತ್ತೆರಡು ಆಪರೇಷನ್‌ಕಿಂತ ಮೊದ್ಲು ಇದ್ದದ್ದು."

ದೋಣಿಗೂ ಕೇಳುವಷ್ಟು ಜೋರಾಗಿ ಹೇಳಿದ್ದೆ. ಹುಡುಗಿ ನಗಲಿಲ್ಲ. "ಬೋರ್ಡಿನ ಮ್ಯಾಲ ನಿಂದರೂದು ಈಗಿನ ಅಕ್ಕಾರ ಅಲ್ಲೇನ್ರಿ?" ಅಂದು ಶೆಡ್ಡಿನ ಕಡೆ ಹೋದಳು.

ತಂದದ್ದು ಬೂದು ಬಣ್ಣದ್ದು. ಮೊದಲಿನದಕ್ಕಿಂತ ನಾಲ್ಕು ಬೆರಳು ಉದ್ದ, ಎರಡು ಬೆರಳು ಅಗಲ, ಬಾಗೇ ಇಲ್ಲವೆನ್ನುವಷ್ಟು ಚಪ್ಪಟೆ, ಮೈತುಂಬ ಗೀರು. ಅಂಗಡಿಯಲ್ಲಿದ್ದರೆ ನಾನು ಅದನ್ನು ಹಿಂದಿನ ಕಪಾಟಿಗೆ ಹಾಕುತ್ತಿದ್ದೆ. ಬೂಟು ತೋಯಿಸಿ ಪಾದ ತೂರಿಸಿದೆ, ಎಡಗಾಲು ಮುಂದೆ. ಹಲಗೆ ನೀರಿನಲ್ಲಿ ತೇಲುವ ರೀತಿಯೇ ಬೇರೆ ಇತ್ತು. ಮುಂಚಿನದು ನನ್ನ ಕೆಳಗಿಂದ ತಪ್ಪಿಸಿಕೊಳ್ಳಲು ನೋಡುತ್ತಿತ್ತು, ಇದು ನನಗಾಗಿ ಕಾಯುತ್ತಿತ್ತು.

ಹಗ್ಗ ಬಿಗಿಯಾಯಿತು. ಏಳಬೇಡ, ಎಬ್ಬಿಸಿಕೋ ಎಂದು ನನಗೆ ನಾನೇ ಹೇಳಿಕೊಂಡೆ. ನೀರು ಎದೆಗೆ ಒತ್ತಿತು, ಆಮೇಲೆ ಹೊಟ್ಟೆಗೆ, ಆಮೇಲೆ ಮೊಣಕಾಲಿಗೆ. ಆಮೇಲೆ ಎಲ್ಲೂ ಒತ್ತಲಿಲ್ಲ. ಕಣ್ಣು ತೆರೆದರೆ ಹೊಳೆ ನನ್ನ ಪಾದದ ಕೆಳಗಿತ್ತು.

ಅದನ್ನು ಹೇಗೆ ಹೇಳಲಿ? ನೀರು ಗಟ್ಟಿಯಾಗಿತ್ತು. ಮುಷ್ಟಿಯಲ್ಲಿ ಹಿಡಿದರೆ ಸೋರಿಹೋಗುವ ನೀರು ನನ್ನನ್ನು ಹೊತ್ತಿತ್ತು. ಅಂಗಾಲಿನಲ್ಲಿ ಅದರ ನಡುಕ ಸಣ್ಣಗೆ ಗೊತ್ತಾಗುತ್ತಿತ್ತು. ದಂಡೆಯ ಮನೆಗಳು, ಒಣಹಾಕಿದ ಬಲೆಗಳು, ಒಬ್ಬ ಮುದುಕಿ ಕೈಯಲ್ಲಿ ಕೊಡ ಹಿಡಿದು ನಿಂತದ್ದು, ಎಲ್ಲ ನನ್ನ ಎತ್ತರಕ್ಕೆ ಸರಿಯಾಗಿ ಹಿಂದೆ ಸರಿಯುತ್ತಿದ್ದವು. ಎಪ್ಪತ್ತೆಂಟೂ ಕಿಲೋ ಅಲ್ಲೇ ಇದ್ದವು, ಒಂದನ್ನೂ ದಂಡೆಯಲ್ಲಿ ಬಿಟ್ಟು ಬಂದಿರಲಿಲ್ಲ. ಹೊಲಿಗೆ ಹಾಕಿದ ಹೊಟ್ಟೆ, ಔಷಧಿಗೆ ಊದಿದ ತೊಡೆ, ಅಷ್ಟನ್ನೂ ಹೊಳೆ ಒಂದು ಮಾತೂ ಕೇಳದೆ ಹೊತ್ತುಕೊಂಡು ಹೋಗುತ್ತಿತ್ತು. ದೇವರೇ, ಅಂದೆ. 

ಆಗ ಯಜಮಾನರ ಕಡೆ ನೋಡಿದೆ. ಬಾಯಿ ತೆರೆದುಕೊಂಡು ಕೂತಿದ್ದರು. ನೋಡುತ್ತಿದ್ದಂತೆ ಅವರ ಎರಡೂ ಕೈ ಮೇಲೆ ಹೋದವು, ತಲೆಯ ಮೇಲೆ ಒಂದಕ್ಕೊಂದು ಕೂಡಿದವು. ನಮಸ್ಕಾರ. ನನಗೋ, ಹೊಳೆಗೋ ತಿಳಿಯದು.

ಕೊಂಕಣಿ ಅಣ್ಣನ ಓರೆಗಣ್ಣಿಗೆ ಕಂಡದ್ದು ಕೈ ಎತ್ತಿದ್ದಷ್ಟೇ. "ಪಡ್ಲೀ?" ಅಂದ, ಬಿದ್ದಳೇ ಎಂದು ಕೇಳುತ್ತಲೇ ಇಂಜಿನ್ ಆರಿಸಿದ.

ಹಗ್ಗ ಸಡಿಲಾಯಿತು. ನಾನು ನಿಂತಲ್ಲೇ, ನೆಟ್ಟಗೆ, ಮೊಣಕಾಲು, ಸೊಂಟ, ಕುತ್ತಿಗೆ ಎಂದು ನಿಧಾನವಾಗಿ ಮುಳುಗಿದೆ. ತೇಲಿಕೊಂಡು ದೋಣಿಯ ಹತ್ತಿರ ಬರುವಷ್ಟರಲ್ಲಿ ಬೈಗುಳ ತುಟಿಯ ಮೇಲಿತ್ತು.

"ನಾ ಎಲ್ಲಿ ಬಿದ್ದಿದ್ದೆ? ಯಾಕ ಕೈ ಎತ್ತಿದ್ರಿ?"

"ನಾ ಎತ್ತಲಿಲ್ಲ," ಅಂದರು. ಕಣ್ಣು ತುಂಬಿಕೊಂಡಿದ್ದವು. "ತಾವ ಹ್ವಾದವು."

ದೋಣಿಯ ಅಂಚಿನಿಂದ ಬಗ್ಗಿ ನನ್ನನ್ನು ಮೇಲೆತ್ತಿಕೊಳ್ಳಲು ಕೈ ಚಾಚಿದರು. ನಾನು ಹಿಡಿಯಲಿಲ್ಲ.

"ಹಗ್ಗ ಕೊಡ್ರಿ," ಅಂದೆ. "ಈ ಸಲ ಕೈ ಕಟ್ಕೊಂಡು ಕುಂಡರ್ರಿ."