ಕಿವಿ ಮೇಷ್ಟ್ರ ಡಿಸ್ಕು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹಗಲಿರುಳೂ ತಣ್ಣಗಿರುವ ಕೋಣೆಗಳು ಎರಡೇ. ಒಂದರಲ್ಲಿ ಹೆಣಗಳಿರುತ್ತವೆ, ಇನ್ನೊಂದರಲ್ಲಿ ಡಬ್ಬಿಯಪ್ಪ ಇರುತ್ತಾನೆ. ಇಬ್ಬರ ನಡುವೆ ಇರುವ ವ್ಯತ್ಯಾಸ ಒಂದು ಗೋಡೆ, ಒಂದು ಸಂಬಳ ಎಂದು ಅವನ ಹೆಂಡತಿ ಹೇಳುವುದುಂಟು.

ಸ್ಕ್ಯಾನ್ ಚಿತ್ರಗಳೆಲ್ಲ ಸೇರುವ ಡಬ್ಬಿಯನ್ನು ಕಾಯುವುದು ಅವನ ಕೆಲಸ, ಹೆಸರು ಬಂದದ್ದೂ ಅದರಿಂದಲೇ. ಡಬ್ಬಿಯೊಳಗೆ ಸಾಲಾಗಿ ಡಿಸ್ಕುಗಳು. ಹೊರಗಿನವರಿಗೆ ಮಾತ್ರ ಎಲ್ಲ ಸೇರಿ ಒಂದೇ ದೊಡ್ಡ ಡಿಸ್ಕಿನಂತೆ ಕಾಣುತ್ತವೆ. ಕಂಟ್ರೋಲರ್ ಎಂಬ ಯಜಮಾನ ಪ್ರತಿ ಚಿತ್ರವನ್ನೂ ತುಂಡು ಮಾಡಿ ಎಲ್ಲರಿಗೂ ಹಂಚಿಟ್ಟಿರುತ್ತಾನೆ. ಒಬ್ಬ ಸತ್ತರೆ ಉಳಿದವರು ಕೂಡಿ ಅವನ ಪಾಲನ್ನು ಜ್ಞಾಪಿಸಿಕೊಳ್ಳಬಲ್ಲರು. ಇಬ್ಬರು ಸತ್ತರೆ ಮನೆ ಮುಳುಗಿದಂತೆಯೇ.

ಈ ಕೆಲಸ ಕಲಿಸಿದವರು ಕಿವಿ ಮೇಷ್ಟ್ರು. ಪರದೆಯ ಮೇಲೆ ಎಲ್ಲ ಹಸಿರಾಗಿ ಕಂಡರೂ ಅವರಿಗೆ ಸಮಾಧಾನವಿಲ್ಲ. ಹೊಸ ಡಿಸ್ಕು ಸೇರಿಸುವ ಮುಂಚೆ ಕನ್ನಡಕ ತೆಗೆದು ಜೇಬಿಗಿಟ್ಟು, ಬಗ್ಗಿ, ಹಳೆಯ ಒಂದೊಂದಕ್ಕೂ ಕಿವಿಗೊಡುತ್ತಿದ್ದರು. "ಹೊಸ ಸೊಸೆ ಕರ್ಕೊಂಡು ಬರೋ ಮುಂಚೆ ಮನೇಲಿ ಯಾರಿಗೆ ಕೆಮ್ಮಿದೆ ಅಂತ ನೋಡ್ಕೊಬೇಕು ಕಣಯ್ಯ" ಎನ್ನುವರು. ಮೇಷ್ಟ್ರು ತೀರಿಹೋದ ಮೇಲೆ ಡಬ್ಬಿಯಪ್ಪ ಆ ಪದ್ಧತಿಯನ್ನು ಕೈಬಿಟ್ಟಿದ್ದ. ತತ್ತ್ವದ ಪ್ರಶ್ನೆಯೇನಲ್ಲ, ಬಗ್ಗಿದರೆ ಹೊಟ್ಟೆ ಅಡ್ಡ ಬರುತ್ತಿತ್ತು.

ಆ ದಿನ ಮಧ್ಯಾಹ್ನ ಡಬ್ಬಿ ಭರ್ತಿಯಾಗಿತ್ತು. ಮೇಲಿನಿಂದ ಸ್ಕ್ಯಾನ್ ಕೋಣೆಯ ಅಕ್ಕನ ಫೋನು.

"ಏನಪ್ಪಾ, ಜನ ಬಾಗಿಲತನಕ ಕೂತಿದಾರೆ. ಜಾಗ ಮಾಡ್ಕೊಡ್ತೀಯೋ, ಇಲ್ಲ ಎಲ್ಲರನ್ನೂ ಕೆಳಗೆ ನಿನ್ನ ಹತ್ರಾನೇ ಕಳಿಸ್ಲೋ?"

"ಬೇಡ ಅಕ್ಕ. ಕೆಳಗೆ ಬಂದವರು ಮತ್ತೆ ಮೇಲೆ ಹತ್ತಿದ್ದು ಕಮ್ಮಿ."

ಆ ಫೋನು ಇಡುವುದರೊಳಗೆ ಹೆಂಡತಿಯ ಫೋನು. "ರೀ, ನಾಳೆ ಡಾಕ್ಟ್ರು ನನ್ನ ಹೋದ ವರ್ಷದ ಸ್ಕ್ಯಾನನ್ನ ಈಗಿನದ್ರ ಪಕ್ಕ ಇಟ್ಟು ನೋಡ್ತಾರಂತೆ. ಆ ಕಲೆ ಬೆಳೆದಿದ್ಯೋ ಇಲ್ವೋ ಅಂತ ಅದರಿಂದ್ಲೇ ಗೊತ್ತಾಗೋದು. ನಿಮ್ಮ ಡಬ್ಬೀಲಿದೆ ತಾನೆ?"

"ನನ್ನ ಡಬ್ಬಿ ಬಿಟ್ಟು ಇನ್ನೆಲ್ಲಿಗೆ ಹೋಗುತ್ತೆ?"

"ಮದುವೆ ಫೋಟೋಗೂ ಹೀಗೇ ಅಂದಿದ್ರಿ."

ಅವನು ನಕ್ಕ. ಫೋನಿಟ್ಟ ಮೇಲೆ ನೆನಪಾಯಿತು: ನಕಲು ಇಡುವ ಇನ್ನೊಂದು ಡಬ್ಬಿ ಕೆಟ್ಟು ರಿಪೇರಿಗೆ ಹೋಗಿತ್ತು. ಅವಳ ಹಳೆಯ ಚಿತ್ರ ಇದ್ದದ್ದು ಇಲ್ಲೊಂದೇ ಕಡೆ.

ತರಿಸಿದ್ದ ಹೊಸ ಡಿಸ್ಕುಗಳು ಇನ್ನೂ ಬಂದಿರಲಿಲ್ಲ. ಬೀರುವಿನಲ್ಲಿ ಅದೇ ಅಳತೆಯ ಹಳೆಯದೊಂದು ಸಿಕ್ಕಿತು. ಒಂದು ಕಾಲಕ್ಕೆ ಕಾವಲು ಕ್ಯಾಮೆರಾಗಳ ಪೆಟ್ಟಿಗೆಯಲ್ಲಿದ್ದದ್ದು. ಅಲ್ಲಿ ಎರಡು ಡಿಸ್ಕುಗಳು ಒಂದನ್ನೊಂದು ನೋಡಿ ಬರೆದುಕೊಳ್ಳುತ್ತಿದ್ದವು. ಜೊತೆಯದು ಸತ್ತಿತ್ತು, ಇದು ಉಳಿದಿತ್ತು. ಡಬ್ಬಿಯಪ್ಪ ಅದನ್ನು ಖಾಲಿ ಖಾನೆಗೆ ತಳ್ಳಿದ. ಪರದೆ ಕೇಳಿತು: ಈ ಡಿಸ್ಕಿಗೆ ತನ್ನ ಹಳೆಯ ಮನೆಯ ನೆನಪು ಇನ್ನೂ ಇದೆ, ಹಾಗೆಯೇ ಒಳಗೆ ಕರೆದುಕೊಳ್ಳಲೋ, ಅಳಿಸಲೋ?

ಅಳಿಸುವುದೇ ವಾಡಿಕೆ. ಆದರೆ ಪಕ್ಕದ ಮನೆಯ ಜಗಳಕ್ಕೆ ಕಿಟಕಿ ತೆರೆಯುವಂಥ ಒಂದು ಚಪಲ ಅವನಿಗಿತ್ತು. ಕರೆದುಕೊಂಡ.

ಒಳಗಿದ್ದದ್ದು ಇದೇ ಕೋಣೆಯ ದೃಶ್ಯ. ಇದೇ ಡಬ್ಬಿ, ಇದೇ ಸ್ಟೂಲು. ಸ್ಟೂಲಿನ ಮೇಲೆ ಕಿವಿ ಮೇಷ್ಟ್ರು. ಶಬ್ದವಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಜೇಬಿಗಿಟ್ಟರು, ಬಗ್ಗಿದರು. ಒಂದೊಂದೇ ಡಿಸ್ಕಿಗೆ ಕಿವಿಗೊಡುತ್ತ ಬಂದು ಮೂರನೆಯದರ ಹತ್ತಿರ ನಿಂತರು. ಬಹಳ ಹೊತ್ತು ನಿಂತರು. ಆಮೇಲೆ ತಲೆಯೆತ್ತಿ ನೇರ ಕ್ಯಾಮೆರಾ ಕಡೆ ನೋಡಿ, ಬೇಡ ಬೇಡ ಎನ್ನುವಂತೆ ಬೆರಳಾಡಿಸಿದರು. ಚಿತ್ರ ಅಲ್ಲಿಗೆ ಮುಗಿಯಿತು.

ಡಬ್ಬಿಯಪ್ಪ ಹಣೆ ಒರೆಸಿಕೊಂಡ. ತಣ್ಣನೆಯ ಕೋಣೆಯಲ್ಲಿ ಬೆವರು! ಎಂದೋ, ಯಾರಿಗೋ ಆಡಿಸಿದ ಬೆರಳು ಎಂದು ತನಗೆ ತಾನೇ ಹೇಳಿಕೊಂಡ. ಪರದೆಯ ಮೇಲೆ ಎಲ್ಲ ಹಸಿರಿತ್ತು. ಆದರೂ ಕನ್ನಡಕ ತೆಗೆದ. ಹೊಟ್ಟೆಯನ್ನು ಒಂದು ಪಕ್ಕಕ್ಕೆ ಸರಿಸಿಕೊಂಡು, ಮಂಡಿಯೂರಿ, ಕಿವಿಗೊಟ್ಟ.

ಮೊದಲನೆಯದು ಗುಂಯ್ ಎನ್ನುತ್ತಿತ್ತು. ಎರಡನೆಯದೂ ಹಾಗೆಯೇ. ಮೂರನೆಯದು, ಟಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಕ್. ಒಳಗಿನಿಂದ ಯಾರೋ ಬೆರಳಿನ ಗಿಣ್ಣಿನಲ್ಲಿ ಬಾಗಿಲು ತಟ್ಟಿದಂತೆ.

ಕಂಟ್ರೋಲರಿನ ಒಳಪುಟಗಳನ್ನು ಬಗೆದು ನೋಡಿದರೆ, ಆ ಡಿಸ್ಕು ತಾನು ಬರೆದದ್ದನ್ನು ತಾನೇ ಓದಲಾರದೆ ತಡವರಿಸುತ್ತಿತ್ತು. ಡಿಸ್ಕು ಸೇರಿಸಿ ಡಬ್ಬಿ ಹಿಗ್ಗಿಸುವುದೆಂದರೆ ಎಲ್ಲ ಕಪಾಟುಗಳನ್ನೂ ಒಮ್ಮೆಗೇ ನೆಲಕ್ಕೆ ಸುರಿದು ಹೊಸದಾಗಿ ಜೋಡಿಸಿದಂತೆ. ಶುರುಮಾಡಿದ ಮೇಲೆ ನಿಲ್ಲಿಸುವಂತಿಲ್ಲ, ಆ ಹೊತ್ತಿನಲ್ಲಿ ಉಳಿದವರ ಜ್ಞಾಪಕವನ್ನೂ ನೆಚ್ಚುವಂತಿಲ್ಲ. ನಡುವೆ ಈ ಮುದುಕ ಕೈಕೊಟ್ಟಿದ್ದರೆ ಹೆಂಡತಿಯ ಎದೆಯ ಚಿತ್ರ ಯಾವ ಚೂರಿನಲ್ಲಿ ಎಲ್ಲಿ ಬಿದ್ದಿರುತ್ತಿತ್ತೋ.

ಮೊದಲು ಮೂರನೆಯದನ್ನು ಬದಲಿಸಬೇಕು. ಕೈಯಲ್ಲಿರುವುದು ಒಂದೇ ಡಿಸ್ಕು. ಅದರೊಳಗೆ ಮೇಷ್ಟ್ರು.

"ಏನ್ ಮಾಡ್ಲಿ ಮೇಷ್ಟ್ರೇ?" ಎಂದು ಗಟ್ಟಿಯಾಗಿಯೇ ಕೇಳಿದ. ಗೋಡೆಯಾಚೆಯವರೂ ಸುಮ್ಮನಿದ್ದರು. ಅಳಿಸು ಎಂಬುದನ್ನು ಒತ್ತಿ, ಮೂರನೆಯ ಖಾನೆಯ ಹಳೆಯದನ್ನು ಎಳೆದು, ಇದನ್ನು ಕೂರಿಸಿದ. ಉಳಿದವರು ಸೇರಿ ಹೋದವನ ಪಾಲನ್ನು ಹೊಸಬನಿಗೆ ಹೇಳಿಕೊಡತೊಡಗಿದರು.

"ಅಕ್ಕ, ಇವತ್ತು ಜಾಗ ಆಗಲ್ಲ. ಚಿತ್ರಗಳನ್ನ ಮೆಷಿನಲ್ಲೇ ಇಟ್ಕೊಂಡಿರಿ."

"ನಿನ್ನ ಡಬ್ಬಿ ಹಾಳಾಗ!"

ಆ ಬೈಗುಳವೂ ಆಗ ಅವನಿಗೆ ಹಿತವಾಗಿತ್ತು. ಕೆಲಸ ಮುಗಿಯುವವರೆಗೆ ಸುಮ್ಮನೆ ಕೂರಲಾರದೆ ಡಬ್ಬಿಯ ಧೂಳು ಒರೆಸತೊಡಗಿದ. ಮೇಲೆ ಆಸ್ಪತ್ರೆಯ ಚೀಟಿ ಅಂಟಿಸಿತ್ತು, ಕೊಂಡ ವರ್ಷದ ಸಮೇತ. ಒರೆಸುವ ಕೈ ನಿಂತಿತು.

ಈ ಡಬ್ಬಿ ಬಂದದ್ದು ಮೇಷ್ಟ್ರು ಹೋದ ಮರುವರ್ಷ. ರಟ್ಟಿನ ಪೆಟ್ಟಿಗೆ ಹರಿದು ಇದನ್ನು ಹೊರತೆಗೆದವನು ಅವನೇ. ಮೇಷ್ಟ್ರ ಕಾಲದಲ್ಲಿ ಇಲ್ಲಿದ್ದದ್ದು ಬೀರುವಿನಂಥ ಕರಿಯ ಯಂತ್ರ. ಹಾಗಿದ್ದರೆ ಆ ದೃಶ್ಯದಲ್ಲಿ ಅವರು ಬಗ್ಗಿ ಕಿವಿಗೊಟ್ಟದ್ದು ಯಾವುದಕ್ಕೆ? ಮತ್ತೊಮ್ಮೆ ನೋಡೋಣವೆಂದರೆ, ಅಳಿಸಿದವನೂ ಅವನೇ.

ಮರುದಿನ ಡಾಕ್ಟರು ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ಕಲೆ ಒಂದು ಚೂರೂ ಬೆಳೆದಿಲ್ಲ ಎಂದರು.

"ಪರವಾಗಿಲ್ಲ ಕಣ್ರೀ, ನಿಮ್ಮ ಡಬ್ಬೀನೂ ಒಂದೊಂದ್ಸಲ ಕೆಲಸಕ್ಕೆ ಬರುತ್ತೆ" ಎಂದಳು ಹೆಂಡತಿ, ಮೆಟ್ಟಿಲಿಳಿಯುತ್ತ ಅವನ ತೋಳು ಹಿಡಿದು.

ಹೊಸ ಡಿಸ್ಕುಗಳು ಬಂದ ದಿನ, ಸೇರಿಸುವ ಮುಂಚೆ ಅವನು ಕನ್ನಡಕ ಜೇಬಿಗಿಟ್ಟು ಬಗ್ಗಿದ. ಎಲ್ಲವೂ ಗುಂಯ್ ಎನ್ನುತ್ತಿದ್ದವು. ಮೂರನೆಯದರ ಬಳಿ ಮಾತ್ರ ಅವನು ಹೆಚ್ಚು ಹೊತ್ತು ಇರಲಿಲ್ಲ. ಆ ಗುಂಯ್‌ಗುಡುವಿಕೆಯ ಹಿಂದೆ, ಆ ಕಡೆಯಿಂದಲೂ ಯಾರೋ ಉಸಿರು ಬಿಗಿಹಿಡಿದು ಕಿವಿಗೊಟ್ಟಂತಿತ್ತು.